ಬಂಗಡೆ, ಹಾಳೆಕೊಟ್ಟೆ ಮತ್ತು ಒಂಬತ್ತನೇ ತರಗತಿಯ ಸಂಶೋಧನೆ

೧. ಕಾಣೆಯಾದ ಬಂಗಡೆ

ಹೊನ್ನಾವರ ತಾಲೂಕಿನ ನಮ್ಮ ಹೈಸ್ಕೂಲಿನ ವಿಜ್ಞಾನ ಪ್ರಯೋಗಾಲಯದಿಂದ ಒಂದು ಬಂಗಡೆ ಮೀನು ಕಾಣೆಯಾಗಿದೆ. ಘಟನೆ ಮಂಗಳವಾರ ಮಧ್ಯಾಹ್ನ ಬಿಸಿಯೂಟದ ಬಿಡುವಿನಲ್ಲಿ ನಡೆದಿದ್ದು, ಆ ಹೊತ್ತಿಗೆ ಪ್ರಯೋಗಾಲಯದಲ್ಲಿ ಮನುಷ್ಯರು ಯಾರೂ ಇರಲಿಲ್ಲ. ಕಿಟಕಿಗೆ ಒಂದು ಗಾಜು ಮೂರು ವರ್ಷದಿಂದ ಇಲ್ಲ. ಮುಖ್ಯಾಧ್ಯಾಪಕರು ಸ್ಥಳಕ್ಕೆ ಭೇಟಿ ಕೊಟ್ಟು, ಮೇಜಿನ ಮೇಲೆ ಬಿಚ್ಚಿ ಬಿದ್ದಿದ್ದ ಸಾಗವಾನಿ ಎಲೆಯನ್ನು ಪರಿಶೀಲಿಸಿ, ಸಿಬ್ಬಂದಿಯ ತುರ್ತು ಸಭೆ ಕರೆದರು. ಸಭೆಯಲ್ಲಿ ಬೆಕ್ಕಿನ ಮೇಲೆ ಸಂಶಯ ವ್ಯಕ್ತವಾಯಿತು.

ಶಾಲಾ ಮಕ್ಕಳು ಸಂಶೋಧನೆ ಮಾಡಿ ಪರಿಸರ ಉಳಿಸಬೇಕು ಎಂಬ ಸುತ್ತೋಲೆ ಬಂದಾಗಿನಿಂದ ನಮ್ಮಲ್ಲಿ ಇಂಥವು ನಡೆಯುತ್ತಲೇ ಇವೆ. ನಾನು ಈ ಶಾಲೆಯ ವಿಜ್ಞಾನ ಮಾಸ್ತರ. ಹಾಗಾಗಿ ನಡೆದದ್ದಕ್ಕೆಲ್ಲ ‘ಮಾರ್ಗದರ್ಶಕ ಶಿಕ್ಷಕರು’ ಎಂದು ನನ್ನ ಹೆಸರೇ ಇರುತ್ತದೆ.

ಬಂಗಡೆ ಒಂಬತ್ತನೇ ತರಗತಿಯ ಒಬ್ಬ ಹುಡುಗಿಯದು. ಅವಳು ಮೂರು ಬಂಗಡೆ ತಂದು ಒಂದನ್ನು ಪ್ಲಾಸ್ಟಿಕ್ ಕ್ಯಾರಿ ಬ್ಯಾಗಿನಲ್ಲಿ, ಒಂದನ್ನು ಹಳೇ ಪೇಪರಿನಲ್ಲಿ, ಒಂದನ್ನು ಸಾಗವಾನಿ ಎಲೆಯಲ್ಲಿ ಕಟ್ಟಿಟ್ಟಿದ್ದಳು. ಸಂಜೆಯ ಹೊತ್ತಿಗೆ ಯಾವುದು ಹೆಚ್ಚು ತಾಜಾ ಉಳಿಯುತ್ತದೆ ಎಂಬುದು ಪ್ರಯೋಗ.

“ಬಾಕಿ ಎರಡು ಮೀನು ಎಲ್ಲಿ?” ಎಂದು ಮುಖ್ಯಾಧ್ಯಾಪಕರು ಕೇಳಿದರು.

“ಅಲ್ಲೇ ಇವೆ ಸರ್. ಬೆಕ್ಕು ಮೂಸಿ ಬಿಟ್ಟು ಹೋಗ್ಯದೆ.”

ಅವಳು ಆಗಲೇ ಪುಸ್ತಕ ತೆಗೆದು ತೀರ್ಮಾನ ಬರೆದಾಗಿತ್ತು. ‘ಬೆಕ್ಕು ಮೂರರಲ್ಲಿ ಎಲೆಯ ಮೀನನ್ನು ಆರಿಸಿತು. ಆದ್ದರಿಂದ ಎಲೆಯ ಮೀನೇ ತಾಜಾ.’ ಒಂದು ಸಲ ಆದದ್ದನ್ನು ವಿಜ್ಞಾನ ಎನ್ನಲು ಬರುವುದಿಲ್ಲ, ಪ್ರಯೋಗವನ್ನು ಮೂರು ಸಲವಾದರೂ ಮಾಡಬೇಕು ಎಂದು ನಾನು ಆಕ್ಷೇಪಿಸಿದೆ. ಅವಳು ಮಾಡಿದಳು. ಬೆಕ್ಕು ಮೂರೂ ದಿನ ಸರಿಯಾದ ಹೊತ್ತಿಗೆ ಬಂದು ಎಲೆಯದನ್ನೇ ಒಯ್ದಿತು. ಆ ವಾರ ನನ್ನ ವಿಷಯಕ್ಕೆ ಪೂರ್ತಿ ಹಾಜರಾತಿ ಇದ್ದದ್ದು ಅದೊಂದರದೇ.

೨. ಅಪ್ಪನ ಬಲೆ, ಅಮ್ಮನ ಚೀಲ

ಈ ಹುಡುಗಿಗೆ ಮೀನಿನ ಮೇಲೇ ಸಂಶೋಧನೆ ಮಾಡಬೇಕು ಎಂದು ಯಾಕೆ ಅನ್ನಿಸಿತು ಎಂದರೆ, ಅವಳ ಅಪ್ಪ ದೋಣಿಗೆ ಹೋಗುವವನು, ಅಮ್ಮ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವಳು. ಅಮ್ಮ ಪ್ರತಿ ಮನೆಯಲ್ಲೂ ಮೀನನ್ನು ಗುಲಾಬಿ ಬಣ್ಣದ ತೆಳು ಕ್ಯಾರಿ ಬ್ಯಾಗಿಗೆ ಹಾಕಿ ಕೊಡುತ್ತಾಳೆ. ಮನೆಯವರು ಮೀನು ತೊಳೆದು, ಚೀಲವನ್ನು ಹಿತ್ತಿಲಾಚೆ ಎಸೆಯುತ್ತಾರೆ. ಮಳೆ ಬಂದಾಗ ಅದು ಹಳ್ಳಕ್ಕೆ ಹೋಗುತ್ತದೆ, ಹಳ್ಳದಿಂದ ಸಮುದ್ರಕ್ಕೆ. ಒಂದು ದಿನ ಅಪ್ಪ ಬಲೆ ಕೊಡವಿದಾಗ ಮೀನಿಗಿಂತ ಮೊದಲು ಗುಲಾಬಿ ಚೀಲಗಳು ಬಿದ್ದವು.

“ಅಮ್ಮ ಕೊಟ್ಟದ್ದನ್ನು ಅಪ್ಪ ವಾಪಸ್ ತರ್ತಾರೆ ಸರ್” ಎಂದು ಹುಡುಗಿ ತರಗತಿಯಲ್ಲಿ ಎದ್ದು ನಿಂತು ಹೇಳಿದಳು. ಜಲಚಕ್ರದ ಬಗ್ಗೆ ನಾನು ಎರಡು ಪಿರಿಯಡ್ ಹೇಳಿದ್ದಕ್ಕಿಂತ ಅದು ಸ್ಪಷ್ಟವಾಗಿತ್ತು.

ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕಿನ ಹೈಸ್ಕೂಲುಗಳಿಗೆ ಕುಮಟಾದಲ್ಲಿ ಒಂದು ಸ್ಪರ್ಧೆ ಇತ್ತು. ಪರಿಸರಕ್ಕೆ ಉಪಯೋಗವಾಗುವ ಹೊಸ ಯೋಚನೆಯನ್ನು ಮಕ್ಕಳು ಮಾಡಿ ತೋರಿಸಬೇಕು. ನಾನು ಹುಡುಗಿಯ ಹೆಸರು ಬರೆಸಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಲು ಅವಳ ಮನೆಗೆ ಹೋದೆ. ತಾಯಿ ಅಂಗಳದಲ್ಲಿ ಬುಟ್ಟಿ ತೊಳೆಯುತ್ತಿದ್ದಳು. ಕೈ ಒರೆಸಿಕೊಳ್ಳದೆಯೇ ಮಾತಾಡಿದಳು.

“ಎಂತ ಮಾಸ್ತರ್ರೇ, ಇವಳು ನನ್ನ ಮೇಲೇ ಪ್ರೊಜೆಕ್ಟು ಮಾಡುದಂತೆ?”

“ನಿಮ್ಮ ಮೇಲಲ್ಲ ಅಕ್ಕ. ಕ್ಯಾರಿ ಬ್ಯಾಗಿನ ಮೇಲೆ.”

“ಚೀಲ ಇಲ್ದೇ ಇದ್ರೆ ಗಿರಾಕಿ ಅಂಗೈ ಮೇಲೆ ಮೀನು ಇಟ್ಕಂಡು ಹೋತಾರಾ? ದಿನಾ ಇದೇ ಜಗಳ ನಮ್ಮನೇಲಿ. ಅನ್ನ ಹಾಕುವಾಗೂ ಚೀಲ, ತಲೆ ಬಾಚುವಾಗೂ ಚೀಲ.” ಬುಟ್ಟಿ ಮಗುಚಿಟ್ಟು ಅವಳು ತೀರ್ಪು ಕೊಟ್ಟಳು. “ನೋಡಿ, ನೀವೇ ಸಾಕ್ಷಿ. ಕುಮಟೆಯಲ್ಲಿ ಇವಳ ಪ್ರೊಜೆಕ್ಟು ಪಾಸಾದ್ರೆ ನಾ ಕ್ಯಾರಿ ಬ್ಯಾಗ ಕೊಂಬುದೇ ಬಿಡ್ತೆ. ಫೇಲಾದ್ರೆ ಇವಳು ಮತ್ತೆ ನನ್ನ ಬುಟ್ಟಿ ಸುದ್ದಿಗೆ ಬರೂಕಿಲ್ಲ.”

“ಆತು” ಎಂದಳು ಮಗಳು.

ಬಹುಮಾನ ಏನು ಎಂದು ಇಬ್ಬರೂ ಕೇಳಲಿಲ್ಲ. ನಾನು ಹೇಳಲೆಂದು ಸುತ್ತೋಲೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದು ವಾಪಸ್ ಬಂದೆ.

೩. ಊರಿನ ಸಹಕಾರ

ಯಾವ ಸಮಸ್ಯೆಯನ್ನೂ ಮೊದಲು ಎಣಿಸಬೇಕು ಎಂಬುದು ನನ್ನ ಸಿದ್ಧಾಂತ. ಅಮ್ಮನ ಖಾಯಂ ಮನೆಗಳು ಇಪ್ಪತ್ತು. ಆ ಮನೆಗಳಿಗೆ ದಿನಾ ಎಷ್ಟು ಚೀಲ ಹೋಗುತ್ತದೆ ಎಂದು ಒಂದು ತಿಂಗಳು ಬರೆದಿಡು ಎಂದೆ. ಮೊದಲ ವಾರ ದಿನಕ್ಕೆ ಸುಮಾರು ಇಪ್ಪತ್ತು ಹೋಯಿತು. ಎರಡನೇ ವಾರದ ಹೊತ್ತಿಗೆ, ಹುಡುಗಿ ಚೀಲ ಎಣಿಸಿ ಕುಮಟೆಗೆ ಹೋಗುವವಳಿದ್ದಾಳೆ ಎಂಬುದು ಊರಿಗೆಲ್ಲ ಗೊತ್ತಾಯಿತು.

ನಮ್ಮ ಊರಿನವರು ಓದುವ ಮಕ್ಕಳಿಗೆ ಯಾವತ್ತೂ ಅಡ್ಡ ಬಂದವರಲ್ಲ.

“ಎಂತ ಅಕ್ಕ, ಮಗಳ ಲೆಕ್ಕ ಎಲ್ಲಿಗೆ ಬಂತು? ತಕ, ಬಂಗಡೆ ಒಂದರಲ್ಲಿ ಹಾಕು, ತಾರ್ಲೆ ಇನ್ನೊಂದರಲ್ಲಿ ಹಾಕು.”

“ನಮ್ಮನೆಯಿಂದ ಕಡಿಮೆ ಬಿತ್ತು ಹೇಳುದು ಬ್ಯಾಡ. ಮೇಲೊಂದು ಚೀಲ ಹಾಕು.”

ಒಂದು ಮನೆಯಲ್ಲಿ ನಾಲ್ಕು ಬಂಗಡೆ ನಾಲ್ಕು ಚೀಲದಲ್ಲಿ ಒಳಗೆ ಹೋದವು. ದಾರಿಯಲ್ಲಿ ಮೀನು ತಿನ್ನದವರ ಒಂದು ಮನೆಯಿದೆ. ಬುಟ್ಟಿ ಆ ಗೇಟಿನ ಮುಂದೆ ಎಂದೂ ನಿಂತದ್ದಿಲ್ಲ. ಆ ಮನೆಯ ಅಜ್ಜಿಯೂ ಒಂದು ದಿನ ಗೇಟಿಗೆ ಬಂದು ಕೂಗಿದರು. “ಮೀನು ಬ್ಯಾಡ ತಂಗಿ, ನಂಗ ತಿಂತ್ವಿಲ್ಲೆ. ಆದ್ರೆ ಕೂಸಿನ ಓದಿಗೆ ನಮ್ಮಿಂದ ಒಂದಾದ್ರೂ ಆಗ್ಲಿ. ಒಂದು ಖಾಲಿ ಚೀಲ ಕೊಟ್ಟಿಕ್ಕಿ ಹೋಗು.”

ತಿಂಗಳ ಕೊನೆಯಲ್ಲಿ ಹುಡುಗಿ ಗ್ರಾಫ್ ಬರೆದಳು. ಗೆರೆ ಎಡಗಡೆ ಕೆಳಗಿನಿಂದ ಹೊರಟು ಬಲಗಡೆ ಹಾಳೆಯಿಂದ ಹೊರಗೆ ಹೋಗುವುದರಲ್ಲಿತ್ತು. ಅವಳು ಅಳುವುದೊಂದು ಬಾಕಿ. ಅಷ್ಟರಲ್ಲಿ ಮುಖ್ಯಾಧ್ಯಾಪಕರು ಬಂದು ಗ್ರಾಫನ್ನು ದೂರ ಹಿಡಿದು, ಹತ್ತಿರ ಹಿಡಿದು, ನೋಡಿದರು.

“ಒಳ್ಳೇ ಪ್ರಗತಿ ಕಾಣ್ತದೆ. ಹೀಗೇ ಮುಂದುವರಿಸಿ” ಎಂದು ಕೆಳಗೆ ಸಹಿ ಹಾಕಿದರು.

೪. ಎಲೆಯ ರಕ್ಷಣೆ

ಎಣಿಸುವುದನ್ನು ಅಲ್ಲಿಗೇ ನಿಲ್ಲಿಸಿ ನಾವು ಬೆಕ್ಕಿನ ಶಿಫಾರಸಿಗೆ ಹೋದೆವು. ಅಂದರೆ ಸಾಗವಾನಿ ಎಲೆ. ಅಮ್ಮ ಗೊಣಗುತ್ತಲೇ ಎಲೆಯ ಕಟ್ಟನ್ನು ಬುಟ್ಟಿಯ ಮೇಲಿಟ್ಟುಕೊಂಡಳು.

ಮನೆಮನೆಯಲ್ಲೂ ಭಾರೀ ಸ್ವಾಗತ. ಎಲೆಯಲ್ಲಿ ಕಟ್ಟಿದ ಮೀನು ನೋಡಿ ಕೆಲವರಿಗೆ ತಮ್ಮ ಅಜ್ಜಿಯ ನೆನಪಾಯಿತು. ಒಬ್ಬರು ಮಗನನ್ನು ಕರೆದು ಫೋಟೋ ತೆಗೆಸಿದರು. ಒಬ್ಬರಂತೂ, ಹಿಂದೆಲ್ಲ ಹೀಗೇ ಇತ್ತು, ಜನರೇ ಕೆಟ್ಟರು ಎಂದು ಕಾಲು ಗಂಟೆ ಮಾತಾಡಿದರು. ಮಾತು ಮುಗಿಸಿ ಕೈ ಚಾಚಿದರು.

“ಈಗ ಇದಕ್ಕೊಂದು ಕ್ಯಾರಿ ಬ್ಯಾಗ ಕೊಡು.”

“ಎಲೆಯಲ್ಲಿ ಕಟ್ಟಿದೆನಲ?”

“ಅದಕ್ಕೇ ಹೇಳುದು. ಇಷ್ಟು ಚಂದ ಎಲೆ, ಒದ್ದೆ ಆಗಿ ಹರೀಬಾರ್ದಲ್ಲ.”

ಪ್ಲಾಸ್ಟಿಕ್ಕಿನಿಂದ ಪರಿಸರವನ್ನು ರಕ್ಷಿಸಲು ಹೊರಟಿದ್ದ ಎಲೆಯನ್ನು ಇಪ್ಪತ್ತೂ ಮನೆಯವರು ಪ್ಲಾಸ್ಟಿಕ್ಕಿನಲ್ಲಿ ಹಾಕಿ ರಕ್ಷಿಸಿದರು.

೫. ಬದನೆ ಬಿಡುವವರೆಗೆ

ಇಲ್ಲಿಂದ ಮುಂದಿನದ್ದು ಪೂರ್ತಿ ಹುಡುಗಿಯ ತಲೆ. ನೀರು ಸೋರದ, ತೊಳೆದು ಮತ್ತೆ ಬಳಸುವ ಪಾತ್ರೆ ಬೇಕು ಎಂದಳು. ದಿನಾ ಗೇರುಸೊಪ್ಪ ಕಡೆಯಿಂದ ಬಸ್ಸಿನಲ್ಲಿ ಬರುವ ಕನ್ನಡ ಮಾಸ್ತರರಿಗೆ ಹೇಳಿ ಒಂದು ಹೊರೆ ಅಡಿಕೆ ಹಾಳೆ ತರಿಸಿದೆವು. ಹಾಳೆಯನ್ನು ನೀರಲ್ಲಿ ನೆನೆಸಿ, ಎರಡೂ ತುದಿ ಮಡಚಿ, ತೆಂಗಿನ ಕಡ್ಡಿ ಚುಚ್ಚಿದರೆ ಕೊಟ್ಟೆಯಾಗುತ್ತದೆ. ಇದು ನಮ್ಮ ಕಡೆ ಹಳೆಯದೇ. ಹುಡುಗಿ ಅದರ ಮೇಲೊಂದು ಹಾಳೆಯ ಮುಚ್ಚಳ ಕೂರಿಸಿ, ಬಾಳೆನಾರಿನ ಹಿಡಿಕೆ ಹಾಕಿ, ಒಂದರಿಂದ ಇಪ್ಪತ್ತರವರೆಗೆ ಕೆಂಪು ಬಣ್ಣದಲ್ಲಿ ನಂಬರು ಬರೆದಳು. ಇವತ್ತು ಕೊಟ್ಟೆಯಲ್ಲಿ ಮೀನು ಕೊಡುವುದು, ನಾಳೆ ತೊಳೆದ ಕೊಟ್ಟೆ ವಾಪಸ್ ಪಡೆಯುವುದು. ಇಷ್ಟೇ ಯೋಜನೆ. ಜನ ಕ್ಯಾರಿ ಬ್ಯಾಗ್ ಕೇಳಲಿಲ್ಲ. ಮೊದಲ ದಿನ ಇಪ್ಪತ್ತೂ ಕೊಟ್ಟೆ ಹೋದವು.

ಎರಡನೇ ದಿನ ಒಂದೂ ವಾಪಸ್ ಬರಲಿಲ್ಲ. ಮೂರನೇ ದಿನವೂ ಇಲ್ಲ. ನಾಲ್ಕನೇ ದಿನ ಹುಡುಗಿ ಶಾಲೆ ಬಿಟ್ಟವಳೇ ಪುಸ್ತಕ ಹಿಡಿದು ಮನೆಮನೆಗೆ ಹೋದಳು. ಮೊದಲ ಮನೆಯಲ್ಲೇ ಕೊಟ್ಟೆ ತೊಳೆದು, ಒಣಗಿಸಿ, ಕಪಾಟಿನ ಮೇಲೆ ಇಟ್ಟಿದ್ದರು.

“ಅತ್ತೆ, ಕೊಟ್ಟೆ ಕೊಡಿ.”

“ಖಾಲಿ ಕೊಟ್ಟೆ ಕೊಡುದು ಹೆಂಗೆ ಮಗಾ? ನಿಮ್ಮನೆಯಿಂದ ಬಂದ ಪಾತ್ರೆ ಖಾಲಿ ಕಳಿಸುದು ನಮ್ಮಲ್ಲಿ ಇಲ್ಲ. ನಮ್ಮ ಬದನೆ ಇನ್ನೂ ಕಾಯಿ ಬಿಡ್ಲಿಲ್ಲ. ಬಿಟ್ಟ ಕೂಡ್ಲೇ ಕೊಡ್ತೆ.”

“ಪ್ರೊಜೆಕ್ಟಿಗೆ ಬೇಕಿತ್ತು ಅತ್ತೆ.”

“ಪ್ರೊಜೆಕ್ಟಿಗೆ ಹೇಳಿ ಮರ್ಯಾದೆ ಬಿಡುದಾ? ಬಾ, ಹೂ ಬಿಟ್ಟದೆ. ನೀನೇ ನೋಡು ಬಾ” ಎಂದು ಕೈ ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋಗಿ ಗಿಡ ತೋರಿಸಿದರು.

ಎರಡನೇ ಮನೆಯಲ್ಲಿ ಸೌತೆ ಬಳ್ಳಿ ಈಗಷ್ಟೇ ಚಪ್ಪರ ಹತ್ತಿತ್ತು. ಮೂರನೆಯದರಲ್ಲಿ ಹರಿವೆ ಕೀಳಲು ಇನ್ನೊಂದು ವಾರ. ಹುಡುಗಿ ಇಪ್ಪತ್ತು ಮನೆ ಸುತ್ತಿ, ಇಪ್ಪತ್ತು ಹಿತ್ತಿಲು ನೋಡಿ, ಬರಿಗೈಯಲ್ಲಿ ಮನೆಗೆ ಬಂದಳು. ಮರುದಿನ ಅವಳ ಪುಸ್ತಕ ತಿದ್ದುವಾಗ ಹೊಸದೊಂದು ಕೋಷ್ಟಕ ಕಂಡಿತು. ‘ಕೊಟ್ಟೆ ವಾಪಸ್ ಬರಲು ತಗಲುವ ಅವಧಿ: ಬದನೆ ೩ ವಾರ, ಸೌತೆ ೫ ವಾರ, ತೆಂಗಿನ ಸಸಿ ಇರುವ ಮನೆ: ಗೊತ್ತಿಲ್ಲ.’

೬. ತುಂಬಿದ ಬುಟ್ಟಿ

ಬೆಳೆ ಬಂತು. ಕೊಟ್ಟೆಗಳೂ ಬಂದವು. ಯಾವುದೂ ಖಾಲಿ ಬರಲಿಲ್ಲ. ಇಷ್ಟು ತರಕಾರಿ ಕೊಟ್ಟ ಮನೆಗೆ ಬರೀ ಕೇಳಿದಷ್ಟೇ ಮೀನು ಹಾಕುವುದು ಹೇಗೆ ಎಂದು ಅಮ್ಮ ಎರಡು ಬಂಗಡೆ ಜಾಸ್ತಿ ಹಾಕಿದಳು. ಎರಡು ಬಂಗಡೆ ಜಾಸ್ತಿ ಬಂತಲ್ಲ ಎಂದು ಆ ಮನೆಯವರು ಬದನೆಯ ಜೊತೆ ನಾಲ್ಕು ಸೌತೆ ಹಾಕಿದರು. ಯಾರೂ ಸೋಲಲು ತಯಾರಿರಲಿಲ್ಲ.

ಒಂದು ದಿನ ಹುಡುಗಿಯ ತಾಯಿ ಶಾಲೆಯ ಗೇಟಿನಲ್ಲೇ ನನ್ನನ್ನು ತಡೆದು, ತಲೆಯ ಮೇಲಿನ ಬುಟ್ಟಿ ಇಳಿಸಲು ಕೈ ಕೊಡಿ ಎಂದಳು. ಇಳಿಸುವಾಗ ನನ್ನ ಸೊಂಟ ಹಿಡಿಯಿತು.

“ಮಾಸ್ತರ್ರೇ, ಖಾಲಿ ಬುಟ್ಟಿ ಹೊತ್ಕಂಡು ಮನೆಗೆ ಹೋಪ ಹೇಳಿಯೇ ನಾ ದಿನಾ ಮೀನು ಮಾರುದು. ಈಗ ಬರುವಾಗ ಹದಿನೈದು ಕೇಜಿ, ಹೋಗುವಾಗ ಇಪ್ಪತ್ತು. ಇದು ಎಂತ ಪರಿಸರ?”

ಅವಳ ಗಂಡ ವಾರದಿಂದ ಮನೆಯಲ್ಲಿ ಮೀನು ಸಾರು ಕಂಡಿಲ್ಲವಂತೆ. ಸಮುದ್ರದಿಂದ ಬಂದವನಿಗೆ ದಿನಾ ಬದನೆಕಾಯಿ.

೭. ಬಸ್ಸಿನಲ್ಲಿ ಸಂಶೋಧನೆ

ಸ್ಪರ್ಧೆಯ ದಿನ ನಾನು, ಹುಡುಗಿ ಮತ್ತು ಅವಳ ತಾಯಿ ಕುಮಟೆಯ ಬಸ್ ಹತ್ತಿದೆವು. ಹುಡುಗಿಯ ತೊಡೆಯ ಮೇಲೆ ಎರಡು ಕೊಟ್ಟೆ. ಒಂದರಲ್ಲಿ ಬೆಳಿಗ್ಗೆ ಎಲೆ ಸುತ್ತಿ ಇಟ್ಟ ನಾಲ್ಕು ಬಂಗಡೆ. ಇನ್ನೊಂದರಲ್ಲಿ ಏನಿದೆ ಎಂದು ಅವಳು ಹೇಳಲಿಲ್ಲ. ನನ್ನ ಕೈಯಲ್ಲಿ ಕುಮಟೆಯ ಹತ್ತಿರದ ಬಾಡ ಊರಿನಲ್ಲಿರುವ ನನ್ನ ತಂಗಿಗೆಂದು ಮನೆಯವಳು ಕೊಟ್ಟ ಒಣ ಸಿಗಡಿಯ ಪೊಟ್ಟಣ.

ಬಸ್ಸಿನಲ್ಲಿ ಮೀನು ಸಾಗಿಸಲು ಬಿಡುವುದಿಲ್ಲ. ಕಂಡಕ್ಟರ್ ಟಿಕೆಟು ಹರಿಯುತ್ತ ಬಂದವರು ನಿಂತು ಮೂಗು ಎಳೆದರು.

“ಯಾರದ್ರೀ ಮೀನು?”

ಹುಡುಗಿ ಕೊಟ್ಟೆಯನ್ನು ಅಪ್ಪಿಕೊಂಡಳು. ಕಂಡಕ್ಟರ್ ಬಗ್ಗಿದರು. “ಎಂತ ಉಂಟು ಇದರಲ್ಲಿ?”

“ಸಂಶೋಧನೆ ಸರ್.”

ಅವರು ಕೊಟ್ಟೆಯನ್ನು ಮೂಸಿದರು. ಇನ್ನೊಮ್ಮೆ ಮೂಸಿದರು. ಏನೂ ಸಿಗಲಿಲ್ಲ. ಮೂಗನ್ನು ಹಿಂಬಾಲಿಸುತ್ತ ಒಂದು ಸೀಟು ಹಿಂದಕ್ಕೆ ಬಂದು ನನ್ನ ಮುಂದೆ ನಿಂತರು. ಮೂರು ಪ್ಲಾಸ್ಟಿಕ್ ಚೀಲದಲ್ಲಿ ಒಂದರೊಳಗೊಂದು ಕಟ್ಟಿದ್ದೇನೆ, ವಾಸನೆ ಬರುವ ಪ್ರಶ್ನೆಯೇ ಇಲ್ಲ ಎಂದು ನಾನು ವಿವರಿಸಿದೆ. ಅವರು ವಿವರಣೆ ಪೂರ್ತಿ ಕೇಳಿ, ನನ್ನನ್ನು ಹಿಂದಿನ ಕೊನೇ ಸೀಟಿಗೆ ಕಳಿಸಿದರು.

ಹುಡುಗಿ ಬಸ್ಸಿನಲ್ಲೇ ಪುಸ್ತಕ ತೆಗೆದು ಬರೆದಳು. ‘ವೀಕ್ಷಣೆ: ಹಾಳೆಕೊಟ್ಟೆಯ ಮೀನಿನ ವಾಸನೆ ಕಂಡಕ್ಟರ್‌ಗೆ ಬರಲಿಲ್ಲ. ಪ್ಲಾಸ್ಟಿಕ್ ಚೀಲದ ವಾಸನೆ ಬಂತು. ಮಾದರಿ ಒದಗಿಸಿದವರು: ಮಾರ್ಗದರ್ಶಕ ಶಿಕ್ಷಕರು.’

೮. ಕುಮಟೆಯಲ್ಲಿ ತೀರ್ಪು

ಸ್ಪರ್ಧೆಯ ಆವರಣವನ್ನು ಪ್ಲಾಸ್ಟಿಕ್ ಮುಕ್ತ ಎಂದು ಘೋಷಿಸಲಾಗಿತ್ತು. ಗೇಟಿನಲ್ಲಿ ಸ್ವಯಂಸೇವಕರು ಎಲ್ಲರ ಚೀಲ, ಬಾಟಲಿ ತೆಗೆದಿಟ್ಟುಕೊಳ್ಳುತ್ತಿದ್ದರು. ನನ್ನ ಸಿಗಡಿಯೂ ಅಲ್ಲೇ ಉಳಿಯಿತು. ಹುಡುಗಿಯ ಕೊಟ್ಟೆಗಳನ್ನು ನೋಡಿದವರು ಇದು ಮಾದರಿ ಎಂದು ಚಪ್ಪಾಳೆ ಹೊಡೆದರು, ಒಳಗೆ ನೋಡಲಿಲ್ಲ.

ನಮ್ಮ ಪಕ್ಕದ ಮೇಜಿನಲ್ಲಿ ಭಟ್ಕಳದ ಇಬ್ಬರು ಹುಡುಗಿಯರು. ದುಬೈಯಲ್ಲಿರುವ ಚಿಕ್ಕಪ್ಪ ಕಳಿಸಿದ ಮೋಟಾರು ಹಾಕಿ ಅವರೊಂದು ಕಸದ ಡಬ್ಬಿ ಮಾಡಿದ್ದರು. ಮುಂದೆ ಪ್ಲಾಸ್ಟಿಕ್ ಹಿಡಿದರೆ ಅದು ತಾನೇ ಬಾಯಿ ತೆರೆದು ಎಳೆದುಕೊಂಡು ‘ಶುಕ್ರಿಯಾ’ ಎನ್ನುತ್ತದೆ. ಆದರೆ ಆವರಣ ಪ್ಲಾಸ್ಟಿಕ್ ಮುಕ್ತವಾದ್ದರಿಂದ ಡಬ್ಬಿ ಬೆಳಗ್ಗಿನಿಂದ ಉಪವಾಸ.

“ನಿನ್ನ ಹತ್ರ ಒಂದಾದ್ರೂ ಕ್ಯಾರಿ ಬ್ಯಾಗ್ ಉಂಟಾ? ಜಡ್ಜ್ ಬಂದ್ರು” ಎಂದು ಅವರು ಕೇಳಿದರು.

ಪ್ಲಾಸ್ಟಿಕ್ಕಿನ ವಿರುದ್ಧ ಬಂದವಳ ಹತ್ತಿರ ಎಂತ ಕೇಳುತ್ತಾರೆ ಎಂದು ನಾನು ನಗುವಷ್ಟರಲ್ಲಿ, ಹುಡುಗಿ ಎರಡನೇ ಕೊಟ್ಟೆಯ ಮುಚ್ಚಳ ತೆಗೆದಳು. ಒಳಗೆ ಒತ್ತಿ ತುಂಬಿದ ಕ್ಯಾರಿ ಬ್ಯಾಗ್. ಅರ್ಧ ತೆಗೆದು ಅವರಿಗೆ ಕೊಟ್ಟಳು.

“ಇದೆಲ್ಲಿಂದ ಬಂತು?” ಎಂದು ಪಿಸುಗುಟ್ಟಿದೆ.

ಅವಳು ಹೇಳುವ ಮೊದಲೇ ತೀರ್ಪುಗಾರರು ಬಂದರು. ನಿವೃತ್ತ ಪ್ರಾಧ್ಯಾಪಕರು, ಶುದ್ಧ ಸಸ್ಯಾಹಾರಿ. ಹುಡುಗಿ ಬಂಗಡೆಯ ಕಿವಿರು ಎತ್ತಿ ತೋರಿಸಿ, ಕೆಂಪಗಿದ್ದರೆ ತಾಜಾ ಎಂದು ಅರ್ಥ, ನೀವೇ ನೋಡಿ ಸರ್ ಎಂದಳು. ಅವರು ಎರಡು ಹೆಜ್ಜೆ ಹಿಂದೆ ಸರಿದರು. ಅಲ್ಲಿಯವರೆಗೆ ಮೈಕಿನ ಕನ್ನಡ ಮಾತಾಡುತ್ತಿದ್ದವರು ಮನೆಯ ಮಾತಿಗೆ ಇಳಿದರು. “ಯಂಗೆ ಅದೆಲ್ಲ ಗೊತ್ತಾಗ್ತಿಲ್ಲೆ ಕೂಸೆ. ನೀ ಹೇಳಿದ್ದೇ ಸರಿ.” ಪುಸ್ತಕ ಓದಿದರು. ಬೆಕ್ಕಿನ ಪುಟದಲ್ಲಿ ನಿಂತರು. ಕಂಡಕ್ಟರನ ಪುಟದಲ್ಲಿ ನಿಂತು ನನ್ನನ್ನು ನೋಡಿದರು. ಆಮೇಲೆ ಕೇಳಿದರು.

“ಅಂದರೆ ನಿನ್ನ ಯೋಜನೆಯಿಂದ ಪ್ಲಾಸ್ಟಿಕ್ ನಿಂತಿತೋ?”

ಹಿಂದಿನ ಕುರ್ಚಿಯಲ್ಲಿ ತಾಯಿ ನೆಟ್ಟಗೆ ಕೂತಳು. ‘ಪೂರ್ತಿ ನಿಂತಿದೆ’ ಎಂದು ಹೇಳು ಎಂದು ನಾನು ಮೂರು ದಿನ ಬಾಯಿಪಾಠ ಮಾಡಿಸಿದ್ದೆ. ಹುಡುಗಿ ಒಮ್ಮೆ ನನ್ನನ್ನು, ಒಮ್ಮೆ ಅಮ್ಮನನ್ನು ನೋಡಿ, ಕೊಟ್ಟೆಯಲ್ಲಿ ಉಳಿದಿದ್ದ ಚೀಲಗಳನ್ನು ಮೇಜಿನ ಮೇಲೆ ಸುರಿದಳು.

“ಇಲ್ಲ ಸರ್. ಆ ಇಪ್ಪತ್ತು ಮನೆಗೆ ಅಮ್ಮ ಚೀಲ ಕೊಡುದು ನಿಂತದೆ. ಅಲ್ಲಿಂದ ನಮ್ಮನೆಗೆ ಬರುದು ಶುರುವಾಗ್ಯದೆ.”

“ಅದು ಹ್ಯಾಂಗೆ?”

“ಕೊಟ್ಟೆ ಖಾಲಿ ಕೊಡೂಕಿಲ್ಲ ಹೇಳಿ ತರಕಾರಿ ಹಾಕ್ತಾರೆ ಸರ್. ಕೊಟ್ಟೆಯಲ್ಲಿ ಮೀನು ಇತ್ತಲ, ತರಕಾರಿಗೆ ವಾಸನೆ ಹಿಡೀಬಾರ್ದು ಹೇಳಿ, ಅದನ್ನ ಕ್ಯಾರಿ ಬ್ಯಾಗಲ್ಲಿ ಕಟ್ಟಿ ಕೊಟ್ಟೆಯೊಳಗೆ ಇಡ್ತಾರೆ.”

ಪ್ರಾಧ್ಯಾಪಕರು ಒಂದು ಚೀಲ ಎತ್ತಿ ತಿರುಗಿಸಿ ನೋಡಿದರು. “ಆದರೆ ಆ ಬದನೆಕಾಯಿ ತಿನ್ನುವವರು ನೀವೇ ಅಲ್ಲವೇ? ಮೀನು ಮಾರುವವರ ಮನೆಯಲ್ಲಿ ಬದನೆಕಾಯಿಗೆ ಮೀನಿನ ವಾಸನೆ ಬಂದರೆ ಯಾರಿಗೆ ತೊಂದರೆ?”

ತಾಯಿಗೆ ತಡೆಯಲಾಗಲಿಲ್ಲ. ಕುರ್ಚಿಯಿಂದ ಎದ್ದೇ ಬಿಟ್ಟಳು. “ಅದನ್ನೇ ನಾನೂ ಕೇಳ್ದೆ ಸರ! ‘ನಿಂಗೆ ನಡೀತದೆ ಮಾರಾಯ್ತಿ, ಕೊಡುವವರಿಗೆ ಮರ್ಯಾದೆ ಬ್ಯಾಡ್ವಾ’ ಕೇಳಿದ್ರು!”

ಪ್ರಾಧ್ಯಾಪಕರು ಕನ್ನಡಕ ತೆಗೆದು, ಕರವಸ್ತ್ರದಿಂದ ಕಣ್ಣು ಒರೆಸಿಕೊಂಡು, ಮುಂದಿನ ಮೇಜಿಗೆ ಹೋದರು. ಅಲ್ಲಿ ಡಬ್ಬಿ ನಮ್ಮ ಗುಲಾಬಿ ಚೀಲಗಳನ್ನು ಒಂದೊಂದಾಗಿ ನುಂಗಿ ಶುಕ್ರಿಯಾ ಹೇಳುತ್ತಿತ್ತು.

ಮೊದಲ ಬಹುಮಾನ ಭಟ್ಕಳದ ಡಬ್ಬಿಗೆ ಬಂತು. ಎರಡನೆಯದು ನಮ್ಮ ಹಾಳೆಕೊಟ್ಟೆಗೆ. ‘ಫಲಿತಾಂಶವನ್ನು ಮುಚ್ಚಿಡದೆ ಹೇಳಿದ್ದಕ್ಕೆ’ ಎಂದು ಕಾರಣ ಓದಿದರು. ನಾನು ಚಪ್ಪಾಳೆ ಹೊಡೆದೆ.

ಬಸ್ ಸ್ಟ್ಯಾಂಡಿಗೆ ಬಂದೆವು. ತಾಯಿ ನಿಂತು ಕೇಳಿದಳು. “ಎರಡನೇ ನಂಬರು ಅಂದ್ರೆ ಪಾಸಾ, ಫೇಲಾ ಮಾಸ್ತರ್ರೇ?”

“ಪಾಸು” ಎಂದೆ.

“ಆತು. ಹೇಳಿದ ಮಾತು ಹೇಳಿದ್ದೇ. ಕೊಂಬುದು ಬಿಟ್ಟೆ.”

ಹುಡುಗಿ ಈಗ ಹತ್ತನೇ ತರಗತಿಯಲ್ಲಿದ್ದಾಳೆ. ಇಪ್ಪತ್ತು ಕೊಟ್ಟೆಗಳಲ್ಲಿ ಹದಿನೇಳು ಇನ್ನೂ ಓಡಾಡುತ್ತಿವೆ. ಅವಳ ತಾಯಿ ಅಂದಿನಿಂದ ಇಂದಿನವರೆಗೆ ಒಂದೇ ಒಂದು ಕ್ಯಾರಿ ಬ್ಯಾಗ್ ಕೊಂಡಿಲ್ಲ. ದಾರಿಯಲ್ಲಿ ಸಿಗುವ ಗಿರಾಕಿಗಳಿಗೆ ಕೊಡಲು ಬದನೆಕಾಯಿಯ ಜೊತೆ ಬಂದದ್ದೇ ಸಾಕಾಗುತ್ತದೆ.